ಹದಿನಾರು ಲಕ್ಷದ ಲೆಕ್ಕ

೧೯೭೬ನೆಯ ಇಸವಿಯ ಅಕ್ಟೋಬರ್ ೧೫, ಶುಕ್ರವಾರದ ರಾತ್ರಿ. ಅಮೆರಿಕದ ಟೆಕ್ಸಾಸ್ ಪ್ರಾಂತದ ಹ್ಯೂಸ್ಟನ್ ನಗರದಲ್ಲಿ ಆಲಿ ಥಿಯೇಟರ್ ಎಂಬ ಹೆಸರಾಂತ ನಾಟಕಶಾಲೆಯಿದೆ. ಅಂದು ಅದರ ರಂಗಸ್ಥಳದ ಮೇಲೆ ನಟರಿರಲಿಲ್ಲ; ಇಬ್ಬರು ರಾಜಕಾರಣಿಗಳಿದ್ದರು. ಒಬ್ಬರು ಕ್ಯಾನ್ಸಾಸಿನ ಸೆನೆಟರ್ ರಾಬರ್ಟ್ ಡೋಲ್, ರಿಪಬ್ಲಿಕನ್ ಪಕ್ಷದವರು. ಮತ್ತೊಬ್ಬರು ಮಿನೆಸೋಟದ ಸೆನೆಟರ್ ವಾಲ್ಟರ್ ಮಾಂಡೇಲ್, ಡೆಮೊಕ್ರಾಟಿಕ್ ಪಕ್ಷದವರು. ಇಬ್ಬರೂ ದೇಶದ ಉಪಾಧ್ಯಕ್ಷ ಪದವಿಯ ಉಮೇದುವಾರರು. ಈ ಪದವಿಯ ಉಮೇದುವಾರರು ಟೆಲಿವಿಷನ್ ಕ್ಯಾಮೆರಾಗಳ ಮುಂದೆ ಪರಸ್ಪರ ವಾದಕ್ಕೆ ನಿಂತದ್ದು ಅಮೆರಿಕದ ಚರಿತ್ರೆಯಲ್ಲಿ ಅದೇ ಮೊದಲು. ಮಹಿಳಾ ಮತದಾರರ ಸಂಘವು ಏರ್ಪಡಿಸಿದ್ದ ಆ ಚರ್ಚೆಯನ್ನು ಕೋಟ್ಯಂತರ ಜನ ತಮ್ಮ ಮನೆಗಳಲ್ಲಿ ಕುಳಿತು ನೋಡಿದರು.

ಆ ರಾತ್ರಿ ನೂರಾರು ಮಾತುಗಳು ಬಂದು ಹೋದವು. ತೆರಿಗೆ, ನಿರುದ್ಯೋಗ, ಬೆಲೆಯೇರಿಕೆ ಎಲ್ಲವೂ ಚರ್ಚೆಯಾದವು. ಆದರೆ ಅವುಗಳಲ್ಲಿ ಇಂದಿಗೂ ಜನ ನೆನೆಯುವುದು ಒಂದೇ ಒಂದು ಮಾತನ್ನು. ಅದರಲ್ಲಿ ಒಂದು ಅಂಕಿಯಿತ್ತು, ಒಂದು ನಗರದ ಹೆಸರಿತ್ತು, ಒಂದು ವಿಶೇಷಣವಿತ್ತು. ಅಂಕಿಯನ್ನು ಪರೀಕ್ಷಿಸಿದವರಿಗೆ ಅದು ಹೆಚ್ಚುಕಡಿಮೆ ಸರಿಯೆಂದೇ ಕಂಡಿತು. ನಗರದ ಹೋಲಿಕೆಯೂ ಸರಿಯಾಗಿತ್ತು. ಆದರೂ ಆ ಮಾತು ನಿಜವಾಗಿರಲಿಲ್ಲ.

ಪ್ರಶ್ನೆ ಒಂದು, ಉತ್ತರ ಮತ್ತೊಂದು

ಮಾತು ಬಂದ ಬಗೆಯೇ ವಿಚಿತ್ರವಾದುದು. ಅಂದು ಪ್ರಶ್ನೆ ಕೇಳಲು ಕುಳಿತಿದ್ದ ಪತ್ರಕರ್ತರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ವಾಲ್ಟರ್ ಮಿಯರ್ಸ್ ಒಬ್ಬರು. ಅವರು ಕೇಳಿದ್ದು ಯುದ್ಧದ ವಿಷಯವನ್ನಲ್ಲ. ವಾಟರ್‌ಗೇಟ್ ಹಗರಣದಿಂದಾಗಿ ೧೯೭೪ರ ಆಗಸ್ಟಿನಲ್ಲಿ ಅಧ್ಯಕ್ಷ ನಿಕ್ಸನ್ ಪದತ್ಯಾಗ ಮಾಡಿದ್ದರು. ಅವರ ಸ್ಥಾನಕ್ಕೆ ಬಂದ ಜೆರಾಲ್ಡ್ ಫೋರ್ಡ್ ಒಂದು ತಿಂಗಳೊಳಗೆ ಅವರಿಗೆ ಸಂಪೂರ್ಣ ಕ್ಷಮಾದಾನ ನೀಡಿದ್ದರು. ಆ ಕ್ಷಮಾದಾನವನ್ನು ಡೋಲ್ ಅವರು ಹಿಂದೆ ಒಪ್ಪಿರಲಿಲ್ಲ. ಈಗ ಅದೇ ಫೋರ್ಡರ ಜೊತೆಗಾರರಾಗಿ ಚುನಾವಣೆಗೆ ನಿಂತಿದ್ದರು. ಅವರ ಇಂದಿನ ಅಭಿಪ್ರಾಯವೇನೆಂಬುದೇ ಪ್ರಶ್ನೆಯ ತಿರುಳು.

ಇಕ್ಕಟ್ಟಿನ ಪ್ರಶ್ನೆಗೆ ಡೋಲ್ ಅವರು ನೇರವಾಗಿ ಉತ್ತರಿಸಲಿಲ್ಲ. ಕ್ಷಮಾದಾನವನ್ನು ಚುನಾವಣೆಯ ವಿಷಯ ಮಾಡುವುದು ಸಲ್ಲದು. ಹಾಗೆ ಮಾಡುವುದಾದರೆ ವಿಯೆಟ್ನಾಂ ಯುದ್ಧ, ಎರಡು ಮಹಾಯುದ್ಧಗಳು, ಕೊರಿಯಾ ಯುದ್ಧ ಇವುಗಳನ್ನೂ ವಿಷಯ ಮಾಡಬಹುದಲ್ಲವೆ ಎಂದರು. ಅವೆಲ್ಲವೂ ಈ ಶತಮಾನದ ‘ಡೆಮೊಕ್ರಾಟ್ ಯುದ್ಧಗಳು’ ಎಂದರು. ಅಷ್ಟಕ್ಕೇ ನಿಲ್ಲಿಸದೆ, ತಾವು ಮೊನ್ನೆ ಲೆಕ್ಕ ಹಾಕಿ ನೋಡಿದುದಾಗಿಯೂ, ಆ ಯುದ್ಧಗಳಲ್ಲಿ ಸತ್ತವರನ್ನೂ ಗಾಯಗೊಂಡವರನ್ನೂ ಕೂಡಿಸಿದರೆ ಸುಮಾರು ಹದಿನಾರು ಲಕ್ಷ ಅಮೆರಿಕನ್ನರಾಗುತ್ತಾರೆಂದೂ, ಅದು ಡೆಟ್ರಾಯಿಟ್ ನಗರವನ್ನು ತುಂಬಿಸುವಷ್ಟು ಜನವೆಂದೂ ಹೇಳಿದರು.

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯಂತೆ ಅದು ಒಮ್ಮೆ ಹೊರಟ ಮೇಲೆ ಹಿಂದಕ್ಕೆ ಬರುವಂತಿರಲಿಲ್ಲ. ಮಾಂಡೇಲರು, ಸೆನೆಟರ್ ಡೋಲ್ ಅವರು ಕೊಡಲಿ ಬೀಸುವ ವ್ಯಕ್ತಿಯೆಂಬ ತಮ್ಮ ಹೆಸರನ್ನು ಈ ರಾತ್ರಿ ಸಾರ್ಥಕಪಡಿಸಿಕೊಂಡಿದ್ದಾರೆ ಎಂದು ನುಡಿದರು. ನಾಜಿ ಜರ್ಮನಿಯೊಡನೆ ಹೋರಾಡುವ ವಿಷಯದಲ್ಲಿ ನಮ್ಮ ದೇಶದಲ್ಲಿ ಪಕ್ಷಭೇದವಿತ್ತೆಂದು ಅವರು ನಿಜವಾಗಿಯೂ ಹೇಳಬಯಸುತ್ತಾರೆಯೇ ಎಂದು ಕೇಳಿದರು.

ಅಂಕಿಗಳ ಪರೀಕ್ಷೆ

ಇಂಥ ಮಾತನ್ನು ಕೇಳಿದಾಗ ಒಂದು ಪಕ್ಷದವರು ಚಪ್ಪಾಳೆ ತಟ್ಟುವುದೂ ಮತ್ತೊಂದು ಪಕ್ಷದವರು ಹಲ್ಲು ಕಡಿಯುವುದೂ ಸಹಜ. ಆದರೆ ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮಾತನ್ನು ಬಿಡಿಬಿಡಿಯಾಗಿ ಬಿಡಿಸಿ, ಒಂದೊಂದು ಭಾಗವನ್ನೂ ದಾಖಲೆಯೊಡನೆ ಇಟ್ಟು ನೋಡುವುದೇ ಅದಕ್ಕೆ ದಾರಿ.

ಮೊದಲು ಅಂಕಿ. ಅಮೆರಿಕ ಸರಕಾರದ ದಾಖಲೆಗಳ ಪ್ರಕಾರ ಮೊದಲನೆಯ ಮಹಾಯುದ್ಧದಲ್ಲಿ ಕಾಳಗದಲ್ಲಿಯೇ ಮಡಿದ ಅಮೆರಿಕನ್ ಯೋಧರು ಸುಮಾರು ೫೩,೪೦೦, ಗಾಯಗೊಂಡವರು ೨,೦೪,೦೦೦. ಎರಡನೆಯ ಮಹಾಯುದ್ಧದಲ್ಲಿ ಮಡಿದವರು ೨,೯೧,೫೦೦, ಗಾಯಗೊಂಡವರು ೬,೭೧,೦೦೦. ಕೊರಿಯಾದಲ್ಲಿ ಮಡಿದವರು ೩೩,೭೦೦, ಗಾಯಗೊಂಡವರು ೧,೦೩,೦೦೦. ವಿಯೆಟ್ನಾಮಿನಲ್ಲಿ ಮಡಿದವರು ೪೭,೪೦೦. ಆಸ್ಪತ್ರೆಗೆ ಸೇರಿಸಬೇಕಾಗುವಷ್ಟು ಗಾಯಗೊಂಡವರು ೧,೫೩,೦೦೦. ಇವೆಲ್ಲವನ್ನೂ ಕೂಡಿಸಿದರೆ ಹದಿನೈದೂವರೆ ಲಕ್ಷಕ್ಕೆ ತುಸು ಮೇಲಾಗುತ್ತದೆ. ರೋಗದಿಂದಲೂ ಅಪಘಾತಗಳಿಂದಲೂ ಸತ್ತ ಸೈನಿಕರನ್ನು ಸೇರಿಸಿದರೆ ಮೊತ್ತವು ಹದಿನೇಳೂವರೆ ಲಕ್ಷದ ಹತ್ತಿರಕ್ಕೆ ಏರುತ್ತದೆ. ಡೋಲ್ ಅವರು ಹೇಳಿದ ಹದಿನಾರು ಲಕ್ಷ ಈ ಎರಡರ ನಡುವೆಯೇ ಇದೆ. ಅವರ ಕೂಡುವ ಲೆಕ್ಕದಲ್ಲಿ ದೋಷವಿರಲಿಲ್ಲ.

ಅಂಕಿಗಳ ವಿಷಯದಲ್ಲಿ ಸರಕಾರವೇ ಎಡವಿದ ಸಂದರ್ಭವೂ ಉಂಟು. ಕೊರಿಯಾ ಯುದ್ಧದಲ್ಲಿ ಸತ್ತ ಅಮೆರಿಕನ್ನರು ೫೪,೨೪೬ ಎಂದು ದಶಕಗಳ ಕಾಲ ಗ್ರಂಥಗಳಲ್ಲಿ ಅಚ್ಚಾಗಿತ್ತು. ವಾಷಿಂಗ್ಟನ್ನಿನ ಸ್ಮಾರಕದ ಕಲ್ಲಿನ ಮೇಲೂ ಅದನ್ನೇ ಕೆತ್ತಿದ್ದರು. ಆ ವರ್ಷಗಳಲ್ಲಿ ಪ್ರಪಂಚದ ಬೇರೆ ಬೇರೆ ಕಡೆಗಳಲ್ಲಿ ತೀರಿಕೊಂಡ ಸೈನಿಕರೂ ಅದರಲ್ಲಿ ಸೇರಿಹೋಗಿದ್ದಾರೆಂದು ರಕ್ಷಣಾ ಇಲಾಖೆಯವರು ಸ್ಪಷ್ಟಪಡಿಸಿದ್ದು ೨೦೦೦ನೆಯ ಇಸವಿಯಲ್ಲಿ. ಕೊರಿಯಾದ ರಣರಂಗದಲ್ಲಿ ತೀರಿಕೊಂಡವರು ಸುಮಾರು ೩೬,೫೦೦ ಮಂದಿ. ಕಲ್ಲಿನ ಮೇಲೆ ಕೆತ್ತಿದ ಮಾತ್ರಕ್ಕೆ ಅಂಕಿಯು ಪ್ರಶ್ನಾತೀತವಾಗುವುದಿಲ್ಲ.

ಎರಡನೆಯದಾಗಿ ನಗರ. ೧೯೭೦ರ ಜನಗಣತಿಯಲ್ಲಿ ಡೆಟ್ರಾಯಿಟ್ ನಗರದ ಜನಸಂಖ್ಯೆ ೧೫ ಲಕ್ಷಕ್ಕೆ ತುಸು ಹೆಚ್ಚು. ಆದ್ದರಿಂದ ಆ ಹೋಲಿಕೆಯನ್ನೂ ಆಕ್ಷೇಪಿಸುವಂತಿಲ್ಲ. ಇಷ್ಟಕ್ಕೇ ಪರೀಕ್ಷೆಯನ್ನು ನಿಲ್ಲಿಸಿದವರು ಡೋಲ್ ಅವರಿಗೆ ಪೂರ್ಣಾಂಕ ಕೊಟ್ಟು ಕಳುಹಿಸಬೇಕಾಗುತ್ತದೆ.

ಒಂದು ವಿಶೇಷಣದ ಭಾರ

ಉಳಿದದ್ದು ಆ ಒಂದು ಪದ. ಈ ಯುದ್ಧಗಳು ‘ಡೆಮೊಕ್ರಾಟ್’ ಯುದ್ಧಗಳೇ?

ಪಂಚಾಂಗವನ್ನಷ್ಟೇ ನೋಡಿದರೆ ಹೌದೆನ್ನಬೇಕು. ೧೯೧೭ರಲ್ಲಿ ವಿಲ್ಸನ್, ೧೯೪೧ರಲ್ಲಿ ರೂಸ್‌ವೆಲ್ಟ್, ೧೯೫೦ರಲ್ಲಿ ಟ್ರೂಮನ್, ವಿಯೆಟ್ನಾಮಿಗೆ ೧೯೬೫ರಲ್ಲಿ ಕಾದಾಟದ ದಳಗಳನ್ನು ಕಳುಹಿಸಿದಾಗ ಜಾನ್ಸನ್: ನಾಲ್ವರು ಅಧ್ಯಕ್ಷರೂ ಡೆಮೊಕ್ರಾಟಿಕ್ ಪಕ್ಷದವರೇ. ಆದರೆ ಪದವಿಯಲ್ಲಿದ್ದವರು ಯಾರೆಂಬುದು ಬೇರೆ. ಯುದ್ಧದ ಹೊಣೆ ಯಾರದೆಂಬುದು ಬೇರೆ. ಎರಡನೆಯ ಪ್ರಶ್ನೆಗೆ ಉತ್ತರ ದೊರೆಯುವುದು ಕಾಂಗ್ರೆಸ್ಸಿನ ಮತದಾನದ ಕಡತಗಳಲ್ಲಿ.

೧೯೧೭ರ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ಮೇಲೆ ಯುದ್ಧ ಸಾರುವ ಗೊತ್ತುವಳಿ ಸೆನೆಟ್ಟಿನ ಮುಂದೆ ಬಂದಾಗ ಪರವಾಗಿ ೮೨, ವಿರುದ್ಧವಾಗಿ ೬ ಮತಗಳು ಬಿದ್ದವು. ವಿರೋಧಿಸಿದ ಆರು ಮಂದಿಯಲ್ಲಿ ಮೂವರು ರಿಪಬ್ಲಿಕನ್ನರು, ಮೂವರು ಡೆಮೊಕ್ರಾಟರು. ಪ್ರತಿನಿಧಿಸಭೆಯಲ್ಲಿ ೩೭೩ಕ್ಕೆ ೫೦. ಅಲ್ಲಿಯೂ ರಿಪಬ್ಲಿಕನ್ನರಲ್ಲಿ ಬಹುಪಾಲು ಸದಸ್ಯರು ಯುದ್ಧದ ಪರವಾಗಿಯೇ ಮತ ಕೊಟ್ಟರು.

ಪರ್ಲ್ ಹಾರ್ಬರ್ ಮೇಲೆ ಜಪಾನೀ ವಿಮಾನಗಳು ಎರಗಿದ ಮರುದಿನ, ೧೯೪೧ರ ಡಿಸೆಂಬರ್ ೮ರಂದು, ಸೆನೆಟ್ಟಿನಲ್ಲಿ ೮೨ ಮತಗಳು ಯುದ್ಧದ ಪರವಾಗಿ ಬಿದ್ದವು. ವಿರುದ್ಧವಾಗಿ ಒಂದೂ ಇಲ್ಲ. ಪ್ರತಿನಿಧಿಸಭೆಯಲ್ಲಿ ೩೮೮ಕ್ಕೆ ಒಂದು. ಆ ಒಂದು ಮತ ಮೊಂಟಾನಾದ ಜೆನೆಟ್ ರ‍್ಯಾಂಕಿನ್ ಎಂಬ ಮಹಿಳೆಯದು. ೧೯೧೭ರಲ್ಲೂ ಯುದ್ಧ ಬೇಡವೆಂದಿದ್ದ ಆಕೆ ರಿಪಬ್ಲಿಕನ್ ಪಕ್ಷದವರು. ಶಾಂತಿವಾದಿನಿಯಾಗಿ ಹಾಗೆ ಮಾಡಿದರೇ ಹೊರತು ಪಕ್ಷದ ಪರವಾಗಿ ಅಲ್ಲ. ಜರ್ಮನಿಯ ವಿಷಯದಲ್ಲಂತೂ ಡಿಸೆಂಬರ್ ೧೧ರಂದು ಮೊದಲು ಯುದ್ಧ ಸಾರಿದ್ದು ಹಿಟ್ಲರನೇ. ಅಮೆರಿಕದ ಉತ್ತರ ಬಂದದ್ದು ಆ ಮೇಲೆ.

ಕೊರಿಯಾದ ಕಥೆ ಬೇರೆ. ೧೯೫೦ರ ಜೂನ್ ೨೫ರಂದು ಉತ್ತರ ಕೊರಿಯಾದ ಸೇನೆ ಗಡಿ ದಾಟಿತು. ಕಾಂಗ್ರೆಸ್ಸಿನ ಮತವನ್ನು ಕೇಳದೆಯೇ ಟ್ರೂಮನ್ನರು ಸೇನೆಯನ್ನು ಕಳುಹಿಸಿದರು. ಈ ಹೊಣೆಯಲ್ಲಿ ಅವರ ಪಾಲು ಹೆಚ್ಚೆಂದು ಒಪ್ಪಲೇಬೇಕು. ಆದರೆ ಅದು ವಿಶ್ವಸಂಸ್ಥೆಯ ಧ್ವಜದಡಿಯಲ್ಲಿ ಹಲವು ರಾಷ್ಟ್ರಗಳು ಸೇರಿ ಮಾಡಿದ ಯುದ್ಧ. ೧೯೫೩ರ ಜುಲೈ ೨೭ರಂದು ಕದನವಿರಾಮವಾದಾಗ ಅಧ್ಯಕ್ಷರಾಗಿದ್ದವರು ರಿಪಬ್ಲಿಕನ್ ಪಕ್ಷದ ಐಸೆನ್‌ಹೋವರ್. ಆ ಬಳಿಕ ಯುದ್ಧಕೈದಿಗಳ ವಿಲೇವಾರಿಗಾಗಿ ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಕೊರಿಯಾಕ್ಕೆ ಹೋದವರು ನಮ್ಮ ಕೊಡಗಿನ ತಿಮ್ಮಯ್ಯನವರು. ಆ ಕೈದಿಗಳ ನಡುವೆ ನಿಂತು ನೋಡಿದವರಿಗೆ ಅದು ವಾಷಿಂಗ್ಟನ್ನಿನ ಯಾವ ಪಕ್ಷದ ಯುದ್ಧವೆಂಬ ಪ್ರಶ್ನೆ ಎಷ್ಟು ಚಿಕ್ಕದಾಗಿ ಕಂಡಿರಬೇಕು!

ವಿಯೆಟ್ನಾಮಿಗೆ ಸಲಹೆಗಾರರನ್ನೂ ಹಣವನ್ನೂ ಕಳುಹಿಸಿದವರಲ್ಲಿ ಐಸೆನ್‌ಹೋವರ್ ಅವರೂ ಇದ್ದರು. ಕೆನೆಡಿ ಆ ಸಹಾಯವನ್ನು ಬೆಳೆಸಿದರು. ಜಾನ್ಸನ್ ಅದನ್ನು ಮಹಾಸಮರವಾಗಿಸಿದರು. ೧೯೬೪ರ ಆಗಸ್ಟಿನಲ್ಲಿ ಜಾನ್ಸನ್ನರಿಗೆ ಅಧಿಕಾರ ಕೊಟ್ಟ ಟಾಂಕಿನ್ ಕೊಲ್ಲಿಯ ಗೊತ್ತುವಳಿಗೆ ಪ್ರತಿನಿಧಿಸಭೆಯಲ್ಲಿ ಒಂದು ವಿರೋಧ ಮತವೂ ಬೀಳಲಿಲ್ಲ. ಸೆನೆಟ್ಟಿನಲ್ಲಿ ಬಿದ್ದ ಎರಡೇ ಎರಡು ವಿರೋಧ ಮತಗಳು ಡೆಮೊಕ್ರಾಟರವು! ಕೊನೆಗೆ, ೧೯೬೯ರಿಂದ ೧೯೭೩ರವರೆಗೆ, ರಿಪಬ್ಲಿಕನ್ ಪಕ್ಷದ ನಿಕ್ಸನ್ ಅಧ್ಯಕ್ಷರಾಗಿದ್ದ ಅವಧಿಯಲ್ಲಿ, ಅಲ್ಲಿ ಸತ್ತ ಅಮೆರಿಕನ್ನರು ಸುಮಾರು ೨೧,೦೦೦. ಒಟ್ಟು ೫೮,೨೦೦ ಮಂದಿಯಲ್ಲಿ ಇದು ಮೂರರಲ್ಲೊಂದು ಭಾಗಕ್ಕೂ ಮಿಕ್ಕುತ್ತದೆ.

ಹೀಗೆ ತೂಗಿದಾಗ ಆ ಒಂದು ವಿಶೇಷಣ ಕುಸಿದು ಬೀಳುತ್ತದೆ. ಅಂಕಿ ಸರಿಯಾಗಿದ್ದುದರಿಂದಲೇ ಅದರ ಬೆನ್ನೇರಿ ಬಂದ ಆರೋಪವೂ ಸರಿಯಿರಬೇಕೆಂದು ಕೇಳುಗರಿಗೆ ತೋರುವ ಅಪಾಯವಿತ್ತು. ಸುಳ್ಳು ಅಂಕಿ ಹೇಳಿದವರನ್ನು ಹಿಡಿಯುವುದು ಸುಲಭ. ನಿಜವಾದ ಅಂಕಿಗೆ ಸಲ್ಲದ ಹೆಸರಿಟ್ಟವರನ್ನು ಹಿಡಿಯುವುದು ಕಷ್ಟ.

ಎದುರಾಳಿಯ ಮಾತೂ ತಕ್ಕಡಿಗೆ

ಒಬ್ಬರ ಮಾತನ್ನು ತೂಗಿ ಮತ್ತೊಬ್ಬರದನ್ನು ಬಿಟ್ಟರೆ ಅದು ನ್ಯಾಯವಲ್ಲ. ಮಾಂಡೇಲರ ಮರುಪ್ರಶ್ನೆ ಮನಸ್ಸಿಗೆ ನಾಟುವಂತಿತ್ತು. ಆದರೆ ನಾಜಿಗಳ ವಿಷಯದಲ್ಲಿ ಎರಡು ಪಕ್ಷಗಳ ನಡುವೆ ಭೇದವೇ ಇರಲಿಲ್ಲವೆಂಬ ಅದರ ಧ್ವನಿ ಪರ್ಲ್ ಹಾರ್ಬರ್ ನಂತರದ ಕಾಲಕ್ಕೆ ಮಾತ್ರ ಸಲ್ಲುತ್ತದೆ. ೧೯೪೧ರ ಮೊದಲ ತಿಂಗಳುಗಳಲ್ಲಿ ಬ್ರಿಟನ್ನಿಗೆ ಯುದ್ಧಸಾಮಗ್ರಿ ಒದಗಿಸುವ ‘ಲೆಂಡ್-ಲೀಸ್’ ಮಸೂದೆ ಪ್ರತಿನಿಧಿಸಭೆಯಲ್ಲಿ ೨೬೦ಕ್ಕೆ ೧೬೫ ಮತಗಳಿಂದ ಅಂಗೀಕಾರವಾದಾಗ ರಿಪಬ್ಲಿಕನ್ನರಲ್ಲಿ ಬಹುಸಂಖ್ಯಾತರು ಅದನ್ನು ವಿರೋಧಿಸಿದ್ದರು. ಅದೇ ವರ್ಷದ ಆಗಸ್ಟ್ ೧೨ರಂದು, ಸೇನೆಗೆ ಕಡ್ಡಾಯವಾಗಿ ಸೇರಿಸಿಕೊಂಡಿದ್ದ ತರುಣರ ಸೇವಾವಧಿಯನ್ನು ಮುಂದುವರಿಸುವ ಮಸೂದೆ ಗೆದ್ದದ್ದು ೨೦೩ಕ್ಕೆ ೨೦೨ರಂತೆ, ಒಂದೇ ಒಂದು ಮತದಿಂದ. ಅಲ್ಲಿಯೂ ಹೆಚ್ಚಿನ ರಿಪಬ್ಲಿಕನ್ನರು ವಿರುದ್ಧವಾಗಿಯೇ ಇದ್ದರು; ಅವರೊಡನೆ ಅರುವತ್ತಕ್ಕೂ ಹೆಚ್ಚು ಮಂದಿ ಡೆಮೊಕ್ರಾಟರೂ ಸೇರಿದ್ದರು.

ಅಂದರೆ, ಯುದ್ಧಕ್ಕೆ ಮುಂಚೆ ಭೇದವಿತ್ತು. ಯುದ್ಧ ಬಂದ ಮೇಲೆ ಇರಲಿಲ್ಲ. ಮಾಂಡೇಲರ ಮಾತು ಪೂರ್ತಿ ಚಿತ್ರವಲ್ಲ; ಆದರೆ ಡೋಲ್ ಅವರ ಮಾತಿಗಿಂತ ದಿಟಕ್ಕೆ ಹತ್ತಿರವಾದುದೆಂಬುದರಲ್ಲಿ ಸಂದೇಹವಿಲ್ಲ.

ಬಲಗೈಯಲ್ಲಿ ಒಂದು ಲೇಖನಿ

ಈ ಸಂಗತಿಯಲ್ಲಿ ಎಲ್ಲಕ್ಕಿಂತ ಮನ ಕಲಕುವ ಅಂಶ ಮತ್ತೊಂದಿದೆ. ಸಾರ್ವಜನಿಕ ಸಭೆಗಳಲ್ಲಿ ಡೋಲ್ ಅವರು ಬಲಗೈಯಲ್ಲಿ ಸದಾ ಒಂದು ಲೇಖನಿಯನ್ನು ಹಿಡಿದಿರುತ್ತಿದ್ದರು. ಬರೆಯುವುದಕ್ಕಲ್ಲ, ಆ ಕೈಯನ್ನು ಯಾರೂ ಕುಲುಕಲು ಬರದಿರಲೆಂದು.

೧೯೪೫ರ ಏಪ್ರಿಲ್ ೧೪. ಅಧ್ಯಕ್ಷ ರೂಸ್‌ವೆಲ್ಟ್ ತೀರಿಕೊಂಡು ಎರಡೇ ದಿನಗಳಾಗಿದ್ದವು. ಇಟಲಿಯ ಬೆಟ್ಟಗಳಲ್ಲಿ, ಕಾಸ್ತೆಲ್ ದಾಯಾನೋ ಎಂಬ ಊರಿನ ಬಳಿ, ಹತ್ತನೆಯ ಪರ್ವತದಳದ ಇಪ್ಪತ್ತೊಂದು ವರ್ಷದ ಲೆಫ್ಟಿನೆಂಟ್ ರಾಬರ್ಟ್ ಡೋಲ್ ತನ್ನ ದಳದ ರೇಡಿಯೋ ಸೈನಿಕನೊಬ್ಬನನ್ನು ಕಾಪಾಡಲು ಮುಂದಕ್ಕೆ ತೆವಳಿದಾಗ ಗುಂಡಿನ ಚೂರುಗಳು ಆತನ ಬಲಭುಜವನ್ನೂ ಬೆನ್ನುಮೂಳೆಯನ್ನೂ ನುಚ್ಚುನೂರು ಮಾಡಿದವು. ಇಟಲಿಯಲ್ಲಿ ಯುದ್ಧ ನಿಲ್ಲಲು ಆಗ ಮೂರು ವಾರಗಳೂ ಉಳಿದಿರಲಿಲ್ಲ. ಮೂರು ವರ್ಷಗಳಿಗೂ ಮಿಕ್ಕಿ ಆಸ್ಪತ್ರೆಗಳಲ್ಲಿ ಕಾಲ ಕಳೆಯಬೇಕಾಯಿತು. ಷಿಕಾಗೋದ ಹಾಂಪರ್ ಕೆಲಿಕಿಯನ್ ಎಂಬ ಆರ್ಮೇನಿಯ ಮೂಲದ ವೈದ್ಯರು ಶುಲ್ಕ ಪಡೆಯದೆ ಶಸ್ತ್ರಚಿಕಿತ್ಸೆಗಳನ್ನು ಮಾಡಿದರು. ಉಳಿದ ಖರ್ಚಿಗೆಂದು ಡೋಲ್ ಅವರ ಹುಟ್ಟೂರಾದ ರಸೆಲ್‌ನಲ್ಲಿ ಔಷಧದ ಅಂಗಡಿಯ ಮೇಜಿನ ಮೇಲೆ ಚುಟ್ಟಾದ ಡಬ್ಬಿಯೊಂದನ್ನು ಇಟ್ಟರು. ಊರಿನವರು ತಮ್ಮ ಕೈಲಾದ ಕಾಸನ್ನು ಅದರಲ್ಲಿ ಹಾಕಿದರು. ಎಷ್ಟು ಮಾಡಿದರೂ ಬಲಗೈ ಮೊದಲಿನಂತಾಗಲಿಲ್ಲ.

ಹ್ಯೂಸ್ಟನ್ನಿನಲ್ಲಿ ಅವರು ಹೇಳಿದ ಹದಿನಾರು ಲಕ್ಷದಲ್ಲಿ ಅವರೇ ಒಬ್ಬರು. ಎರಡನೆಯ ಮಹಾಯುದ್ಧದ ೬,೭೧,೦೦೦ ಗಾಯಾಳುಗಳ ಪಟ್ಟಿಯಲ್ಲಿ ಅವರ ಹೆಸರಿದೆ. ಆ ಡಬ್ಬಿಗೆ ಕಾಸು ಹಾಕಿದ ನೆರೆಹೊರೆಯವರು ಅದು ಯಾವ ಪಕ್ಷದ ಯುದ್ಧದಲ್ಲಿ ಆದ ಗಾಯವೆಂದು ಕೇಳಿರಲಿಲ್ಲ. ಆ ಗಾಯದ ಬೆಲೆಯನ್ನು ಅವರಷ್ಟು ಬಲ್ಲವರು ಆ ರಂಗಸ್ಥಳದ ಮೇಲೆ ಮತ್ತೊಬ್ಬರಿರಲಿಲ್ಲ. ಚುನಾವಣೆಯ ಬಿಸಿಯಲ್ಲಿ ಅವರೇ ಅದನ್ನು ಎದುರು ಪಕ್ಷದ ಲೆಕ್ಕಕ್ಕೆ ಬರೆದುಬಿಟ್ಟರು.

ಆ ವರ್ಷದ ನವೆಂಬರ್ ೨ರಂದು ಫೋರ್ಡ್ ಮತ್ತು ಡೋಲ್ ಸೋತರು. ಕಾರ್ಟರ್ ಮತ್ತು ಮಾಂಡೇಲ್ ೨೯೭ಕ್ಕೆ ೨೪೦ ಚುನಾಯಕ ಮತಗಳಿಂದ ಗೆದ್ದರು. ಸೋಲಿಗೆ ಒಂದು ವಾಕ್ಯವೇ ಕಾರಣವೆನ್ನುವುದು ಅತಿಶಯೋಕ್ತಿಯಾದೀತು. ಆದರೆ ಡೋಲ್ ಅವರಿಗೆ ಆ ರಾತ್ರಿಯ ನೆನಪು ಕೊನೆಯವರೆಗೂ ಮುಳ್ಳಾಗಿಯೇ ಉಳಿಯಿತು. ಎದುರಾಳಿಯ ಕತ್ತಿನ ನರಕ್ಕೆ ಕೈಹಾಕಲು ಹೊರಟ ತಮಗೆ ಸಿಕ್ಕಿದ್ದು ತಮ್ಮದೇ ನರವೆಂದು ಮುಂದೆ ಅವರೇ ನಗೆಯಾಡಿದರು.

ಲೆಕ್ಕ ನೋಡುವವರು ಬಂದ ಮೇಲೆ

೧೯೭೬ರಲ್ಲಿ ಇಂಥ ಮಾತುಗಳನ್ನು ತೂಗುವ ಕೆಲಸವು ವೃತ್ತಪತ್ರಿಕೆಗಳಿಗೂ ಗ್ರಂಥಾಲಯಗಳಿಗೂ ಬಿಟ್ಟದ್ದಾಗಿತ್ತು. ಕಾಲಕ್ರಮದಲ್ಲಿ ಅದಕ್ಕಾಗಿಯೇ ಸಂಸ್ಥೆಗಳು ಹುಟ್ಟಿದವು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆನೆನ್‌ಬರ್ಗ್ ಕೇಂದ್ರದವರು ೨೦೦೩ರಲ್ಲಿ ‘ಫ್ಯಾಕ್ಟ್‌ಚೆಕ್’ ಎಂಬುದನ್ನು ಆರಂಭಿಸಿದರು. ಮರುವರ್ಷ ಅಕ್ಟೋಬರ್ ೫ರಂದು ಕ್ಲೀವ್‌ಲೆಂಡಿನಲ್ಲಿ ನಡೆದ ಉಪಾಧ್ಯಕ್ಷ ಉಮೇದುವಾರರ ಚರ್ಚೆಯಲ್ಲಿ ಡಿಕ್ ಚೇನಿಯವರು ತಮ್ಮ ಮಾತಿಗೆ ಸಾಕ್ಷಿಯಾಗಿ ಅದರ ಹೆಸರನ್ನೇ ಹೇಳಿದರು. ಆದರೆ ಕೊನೆಯ ಅಕ್ಷರಗಳನ್ನು ತಪ್ಪಾಗಿ ಹೇಳಿ ಬೇರೊಂದು ಅಂತರ್ಜಾಲ ವಿಳಾಸವನ್ನು ಕೊಟ್ಟರು. ಆ ವಿಳಾಸದವರು ಬಂದವರನ್ನೆಲ್ಲ ಅವರ ಪಕ್ಷದ ಕಡುವಿರೋಧಿಯೊಬ್ಬರ ಪುಟಕ್ಕೆ ಕಳುಹಿಸಿಬಿಟ್ಟರು! ಪರೀಕ್ಷಕರನ್ನು ಹೆಸರಿಸುವಾಗಲೂ ಪರೀಕ್ಷೆ ಬೇಕೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಅದೇ ಚರ್ಚೆಯಲ್ಲಿ ಇರಾಕ್ ಯುದ್ಧದ ಸಾವುನೋವುಗಳ ಪ್ರಸ್ತಾಪವೂ ಬಂತು. ಮಿತ್ರಪಡೆಗಳ ನಷ್ಟದಲ್ಲಿ ಶೇಕಡಾ ೯೦ ಅಮೆರಿಕನ್ನರದೆಂದು ಜಾನ್ ಎಡ್ವರ್ಡ್ಸ್ ಹೇಳಿದರು. ಅದು ಶುದ್ಧ ತಪ್ಪು, ಸುಮಾರು ಶೇಕಡಾ ೫೦ ಮಾತ್ರ ಎಂದರು ಚೇನಿ. ಒಬ್ಬರು ಹೊರಗಿನಿಂದ ಬಂದ ಪಡೆಗಳನ್ನಷ್ಟೇ ಎಣಿಸಿದ್ದರು; ಮತ್ತೊಬ್ಬರು ಇರಾಕಿನ ಪೊಲೀಸರನ್ನೂ ಸೈನಿಕರನ್ನೂ ಸೇರಿಸಿ ಎಣಿಸಿದ್ದರು. ಇಬ್ಬರೂ ಒಂದೇ ಗುಂಪನ್ನು ಎಣಿಸಿರಲಿಲ್ಲ. ಇಪ್ಪತ್ತೆಂಟು ವರ್ಷಗಳ ಹಿಂದಿನ ಪಾಠವೇ ಮತ್ತೆ ಎದುರಿಗೆ ಬಂತು: ಎಷ್ಟು ಎಂದು ಕೇಳುವ ಮುನ್ನ, ಯಾರು, ಯಾರ ಲೆಕ್ಕಕ್ಕೆ, ಯಾವ ಹೆಸರಿನಲ್ಲಿ ಎಂದು ಕೇಳಬೇಕು.

ಬಂಗಾರದ ನಕ್ಷತ್ರಗಳು

ಆ ವೇಳೆಗೆ ಡೋಲ್ ಅವರು ಸಕ್ರಿಯ ರಾಜಕಾರಣದಿಂದ ದೂರವಾಗಿದ್ದರು. ೧೯೯೬ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತಮೇಲೆ ಅವರು ಕೈಗೆತ್ತಿಕೊಂಡ ದೊಡ್ಡ ಕಾರ್ಯವೆಂದರೆ, ವಾಷಿಂಗ್ಟನ್ನಿನಲ್ಲಿ ಎರಡನೆಯ ಮಹಾಯುದ್ಧದ ಸ್ಮಾರಕವನ್ನು ಕಟ್ಟಲು ನಿಧಿ ಕೂಡಿಸುವುದು. ೨೦೦೪ರ ಮೇ ೨೯ರಂದು ಆ ಸ್ಮಾರಕವನ್ನು ರಾಷ್ಟ್ರಕ್ಕೆ ಅರ್ಪಿಸಲಾಯಿತು. ಅಲ್ಲಿಯ ಒಂದು ಗೋಡೆಯ ಮೇಲೆ ೪,೦೪೮ ಬಂಗಾರದ ನಕ್ಷತ್ರಗಳಿವೆ. ಒಂದೊಂದು ನಕ್ಷತ್ರವೂ ಆ ಯುದ್ಧದಲ್ಲಿ ತೀರಿಕೊಂಡ ನೂರು ಅಮೆರಿಕನ್ನರ ಗುರುತು. ಅದೂ ಒಂದು ಲೆಕ್ಕವೇ. ಆದರೆ ಅದರಲ್ಲಿ ಪಕ್ಷದ ಅಂಕಣವಿಲ್ಲ.

ಮುಪ್ಪಿನಲ್ಲಿ ಡೋಲ್ ಅವರು ಎಷ್ಟೋ ಶನಿವಾರಗಳಂದು ಆ ಸ್ಮಾರಕಕ್ಕೆ ಹೋಗಿ ಕುಳಿತು, ದೇಶದ ಮೂಲೆಮೂಲೆಗಳಿಂದ ಬರುತ್ತಿದ್ದ ವೃದ್ಧ ಯೋಧರನ್ನು ಬರಮಾಡಿಕೊಳ್ಳುತ್ತಿದ್ದರು. ಯಾವ ಊರು, ಯಾವ ದಳ, ಎಲ್ಲಿ ಹೋರಾಡಿದಿರಿ ಎಂಬಂಥ ಮಾತುಕತೆ ಅಲ್ಲಿಯದು. ಅಂದಿನ ಎದುರಾಳಿಗಳಿಬ್ಬರೂ ೨೦೨೧ರಲ್ಲಿ ತೀರಿಕೊಂಡರು: ಮಾಂಡೇಲ್ ಏಪ್ರಿಲ್ ತಿಂಗಳಲ್ಲಿ, ಡೋಲ್ ಡಿಸೆಂಬರಿನಲ್ಲಿ. ಹ್ಯೂಸ್ಟನ್ನಿನ ರಂಗಸ್ಥಳದ ಮೇಲೆ ಹದಿನಾರು ಲಕ್ಷ ಜನರನ್ನು ಒಂದು ಪಕ್ಷದ ಲೆಕ್ಕಕ್ಕೆ ಬರೆದವರು, ಕೊನೆಯ ದಿನಗಳಲ್ಲಿ ಆ ಬಂಗಾರದ ನಕ್ಷತ್ರಗಳ ಮುಂದೆ ಒಬ್ಬೊಬ್ಬರನ್ನಾಗಿ ಎಡಗೈಯಿಂದ ಕೈಕುಲುಕಿ ಮಾತನಾಡಿಸಿದರು.